ಕರೇಗುಂಡಿನ ಆ ಕಡೆ

ಬಹಳ ಹಿಂದಿನ ಮಾತು. ಯಾವ ವರ್ಷ ಅಂತ ನಮ್ಮ ಅಜ್ಜನ ಅಜ್ಜಗೂ ಗೊತ್ತಿರಲಿಲ್ಲ, ನನ್ನ ಕೇಳಬ್ಯಾಡ್ರಿ. ಒಂದು ಊರಾಗ ಕವಣಿ ಮಾಳಿಂಗ ಅಂತ ಒಬ್ಬಾವ ಇದ್ದ. ಜ್ವಾಳದ ಹೊಲದಾಗ ಕವಣಿ ಬೀಸಿ ಹಕ್ಕಿ ಓಡಸೂದು ಅವನ ಕೆಲಸ. ಅವ ಕವಣಿ ತಿರುವಿದ್ರ ಹಕ್ಕಿ ಪಕ್ಕದ ಊರಿಗೆ ಹೋಗಿ ಕೂಡತಿದ್ದುವಂತ. ಅವನ ಕಲ್ಲು ಮ್ಯಾಲ ಏರಿ ಏರಿ ತುದಿಗೆ ಹೋಗಿ, ಅಲ್ಲೇ ಒಂದು ಉಸಿರು ದಣಿವಾರಿಸಿಕೊಂಡು ಇಳೀತಿತ್ತಂತ. ನಗ್ತೀರಿ? ನಗ್ರಿ. ಮುಂದ ನಗು ಬರೂದಿಲ್ಲ.

ಸುಗ್ಗಿ ಮುಗಿದ ಮ್ಯಾಲ ಆ ಊರಾಗ ಒಂದು ಪಂದ್ಯ ಇರ್ತಿತ್ತು. ಊರ ಹೊರಗ ಕರೇಗುಂಡು ಅಂತ ಒಂದು ದೊಡ್ಡ ಬಂಡೆ, ಅದರ ಮ್ಯಾಲಿಂದ ಕಲ್ಲು ದಾಟಸಬೇಕು. ಗೆದ್ದಾವನ ತಲಿಗೆ ಗೌಡ ಕೆಂಪು ಪಟಗಾ ಸುತ್ತತಿದ್ದ. ಎಲ್ಲಾರೂ ಗುಂಡಿನ ಹತ್ತಿರ ನಿಂತು ರಟ್ಟಿ ನೋಯೂ ಹಂಗ ಬೀಸೋರು, ಕಲ್ಲು ಗುಂಡಿಗೆ ಬಡಿದು ಬೀಳ್ತಿತ್ತು. ಮಾಳಿಂಗ ಹಂಗ ಮಾಡಲಿಲ್ಲಂತ. ಮೊದಲು ಬಯಲಾಗ ಬೀಸಿ ಬೀಸಿ ನೋಡಿದ. ಕಲ್ಲು ಏರೂವಾಗ ಒಮ್ಮೆ ಬೇವಿನ ಗಿಡದ ಎತ್ತರಕ್ಕ ಬರ್ತದ, ಇಳಿಯೂವಾಗ ಮತ್ತೊಮ್ಮೆ ಅದೇ ಎತ್ತರಕ್ಕ ಬರ್ತದ. ಆ ಎರಡರ ನಟ್ಟನಡುವ ಅದರ ತುದಿ. ಬೀಸಿದ ಜಾಗ, ಬಿದ್ದ ಜಾಗ, ಅವುಗಳ ನಡುವನೂ ಅದೇ ತುದಿ. ಹಂಗಾದ್ರ ಗುಂಡು ಆ ನಡುವಿಗೆ ಬರೂ ಹಂಗ ದೂರ ಹೋಗಿ ನಿಂತ್ರ ಆಯ್ತು ಅಂದುಕೊಂಡ.

ಪಂದ್ಯದ ದಿನ ಅವ ಹಿಂದಕ್ಕ ಹೋದ, ಇನ್ನೂ ಹಿಂದಕ್ಕ ಹೋದ. ಓಡಿ ಹೊಂಟ ನೋಡ್ರಿ ಅಂತ ಮಂದಿ ಚಾಷ್ಟಿ ಮಾಡಿದ್ರಂತ. ಬೀಸಿದ. ಹಳ್ಳದ ದುಂಡನ ಕಲ್ಲು ಗುಂಡಿನ ನೆತ್ತಿ ದಾಟಿತು. ಊರಿಗೆ ಊರೇ ಕತ್ತು ಎತ್ತಿ ಹೋ ಅಂತ ಕೂಗಿತು. ತುದಿ ಎಲ್ಲಾರೂ ನೋಡಿದ್ರು, ಇಳಿದದ್ದು ಯಾರೂ ನೋಡಲಿಲ್ಲ. ಗುಂಡಿನ ಆ ಕಡೆ, ಇವ ಈ ಕಡೆ ನಿಂತಷ್ಟೇ ದೂರದಾಗ, ಅವನ ಅಕ್ಕ ಸಂಗವ್ವ ಬಗ್ಗಿ ಉದುರಿದ ತೆನಿ ಆರಸತಿದ್ಲು. ಕೂಗು ಕೇಳಿ ತಲಿ ಎತ್ತಿದ್ಲಂತ.

ಒಂದು ಕಣ್ಣು ಹೋತು. ಹೆಂಗಾತು ಅಂತ ಕೇಳಿದವರಿಗೆ, ಎಡವಿ ಬಿದ್ದೆ, ಕೊಯ್ದ ಜ್ವಾಳದ ಕೂಳಿ ಚುಚ್ಚಿತು ಅಂದ್ಲು. ಮಾಳಿಂಗ ಪಟಗಾ ಸುತ್ತಿಕೊಂಡು ಅಲ್ಲೇ ನಿಂತಿದ್ದ. ಕಲ್ಲು ಎಲ್ಲಿ ಬೀಳತದ ಅಂತ ಅವನಷ್ಟು ತಿಳಿದಾವ ಆ ಸೀಮ್ಯಾಗ ಇರಲಿಲ್ಲ. ಆದ್ರೂ ಬಾಯಿ ಬಿಡಲಿಲ್ಲ, ನಾಚಿಕಿಗೇಡಿ. ಹಿಂಗ ಅನ್ನೂದಕ್ಕ ನನಗೂ ನಾಚಿಕಿನೇ, ಅವ ನಮ್ಮ ಮನಿತನದಾವ. ಅಕ್ಕ ರೊಟ್ಟಿ ಹಾಕಿದ್ರ ಮುಖ ಎತ್ತದೇ ತಿಂತಿದ್ದನಂತ. ಪಟಗಾ ಬಿಚ್ಚಿಟ್ರೂ ಅದರ ಭಾರ ತಲಿ ಮ್ಯಾಲಿಂದ ಇಳೀತಿರಲಿಲ್ಲಂತ.

ಮುಂದಿನ ಸುಗ್ಗಿಗೆ ಎಲ್ಲಾರೂ ಅವನ್ನೇ ಕರೆದ್ರು. ಅವ ಕವಣಿ ಮುಟ್ಟಲಿಲ್ಲ. ತಾನು ನಿಂತಿದ್ದ ಜಾಗದಿಂದ ಗುಂಡಿನ ತನಕ ಹೆಜ್ಜಿ ಹಾಕಿದ, ಗುಂಡು ಸುತ್ತಿ ಆ ಕಡೆಗೂ ಅಷ್ಟೇ ಹೆಜ್ಜಿ ಹಾಕಿದ. ಅಲ್ಲಿ ಪಟಗಾ ಬಿಚ್ಚಿ ನೆಲಕ್ಕಿಟ್ಟು ಕುಂತ. ಊರು ಅವನ ಹಿಂದೇ ಬಂತು, ಸಂಗವ್ವನೂ ಬಂದ್ಲು.

“ಯಕ್ಕಾ, ನಿನ್ನ ಕಣ್ಣಿಗೆ ಬಡಿದದ್ದು ಕೂಳಿ ಅಲ್ಲ, ನನ್ನ ಕಲ್ಲು” ಅಂದ.

ಸಂಗವ್ವ ಸೆರಗಿನ ಗಂಟು ಬಿಚ್ಚಿ, ಹಳ್ಳದ ಒಂದು ದುಂಡನ ಕಲ್ಲು ತೆಗೆದು ಅವನ ಅಂಗೈಯಾಗ ಇಟ್ಲು.

“ಗೊತ್ತಿತ್ತೋ ತಮ್ಮಾ. ನೀನೇ ಹೇಳತಿ ಅಂತ ವರ್ಷಾನುಗಟ್ಟಲೆ ಕಾಯಾಕೂ ತಯಾರಿದ್ದೆ” ಅಂದ್ಲು.

ಅವ ಅತ್ತನಂತ. ಹೋದ ಸಲ ಹೋ ಅಂತ ಕೂಗಿದವರೆಲ್ಲಾ ಅವತ್ತು ತಲಿ ಬಗ್ಗಿಸಿ ನಿಂತಿದ್ರಂತ.

ಆ ಊರಾಗ ಪಟಗಾ ಸುತ್ತೂದು ಅಲ್ಲಿಗೇ ನಿಂತು ಹೋತು. ಈಗಲೂ ಕವಣಿ ಬೀಸಾವ ಮೊದಲು ಗುಂಡಿನ ಆ ಕಡೆ ಅಷ್ಟೇ ದೂರ ನಡೆದು, ಒಂದು ಗಳಿಗಿ ನಿಂತು ಬರ್ತಾನ. ಕಲ್ಲು ಹಾರಿದ್ರ ಯಾರೂ ಕೂಗೂದಿಲ್ಲ, ಮ್ಯಾಲ ನೋಡೂದೂ ಇಲ್ಲ. ಎಲ್ಲಾರ ಕಣ್ಣೂ ಅದು ಬೀಳೂ ನೆಲದ ಮ್ಯಾಲೇ ಇರ್ತಾವ.