ಸಂಕಮ್ಮನ ಚಕ್ಕುಲಿ ಬಿಲ್ಲೆ

ಯಾವ ಕಾಲ ಅಂತ ಕೇಳಬೇಡ ಕಂದಾ, ಒಂದೂರಲ್ಲಿ ಸಂಕಮ್ಮ ಅಂತ ಒಬ್ಬಳು ಅರಮನೆಗೆ ಚಕ್ಕುಲಿ ಮಾಡಿಕೊಡ್ತಿದ್ದಳಂತೆ. ಗಂಡ ಇಲ್ಲ, ಮೂರು ಗಂಡುಮಕ್ಕಳು, ಮೂವರೂ ತಿನ್ನೋಕೆ ಮುಂದು. ಚಕ್ಕುಲಿ ಒರಳು ಒತ್ತಿ ಒತ್ತಿ ಅವಳ ತೋಳು ಸೋತುಹೋಗಿತ್ತಂತೆ. ಆಮೇಲೆ ಒರಳಿನ ತಳದ ಬಿಲ್ಲೆ ಇರುತ್ತಲ್ಲ, ಅದರ ನಕ್ಷತ್ರದ ತೂತು ಸವೆದು ಗುಂಡಗಾಗಿ, ಚಕ್ಕುಲಿಗೆ ಮುಳ್ಳೇ ಬರದೆ ಎರೆಹುಳದ ಹಾಗೆ ಬಂತಂತೆ. ರಾಣಿ ಮೂತಿ ತಿರುಗಿಸಿ, ನಾಳೆ ಮುಳ್ಳಿರೋ ಚಕ್ಕುಲಿ ಬರದಿದ್ರೆ ಬೇರೆಯವಳಿಗೆ ಹೇಳ್ತೀನಿ ಅಂದಳಂತೆ.

ಹೊಸ ಬಿಲ್ಲೆ ಮಾಡ್ತೀನಿ ಅಂತ ದೊಡ್ಡ ಮಗ ಹಿತ್ತಾಳೆ ತಗಡನ್ನ ಕಲ್ಲಮೇಲಿಟ್ಟು ದಪ್ಪ ಉಳಿಯಿಂದ ಒಂದೇ ಏಟು ಹೊಡೆದ, ತಗಡು ದೊನ್ನೆ ಥರ ಮುದುಡಿಹೋಯ್ತಂತೆ. ಆಮೇಲೆ ನಡುವಿನವನು ಗೀಟು ಎಳೆದುಕೊಂಡೇ ಶುರುಮಾಡಿದ, ಆದರೆ ಅವಸರ ನೋಡು, ಗೀಟು ದಾಟಿ ಕತ್ತರಿಸಿ ನಕ್ಷತ್ರ ಹೋಗಿ ಕುಂಬಳದ ಹೂವಾಯ್ತಂತೆ. ಸಂಕಮ್ಮ ಬಯ್ಯೋಕೂ ಸುಸ್ತಾಗಿ ಗೋಡೆಗೊರಗಿ ಕೂತಳಂತೆ.

ಕಿರಿಯವನು ಇದ್ದನಲ್ಲ, ಅವನು ಡಬ್ಬ ಮಾಡೋ ತಗಡಿನವನ ಮಗಳು ಚೌಡಿಯನ್ನ ಹಾರಿಸಿಕೊಂಡು ಬಂದಿದ್ದನಂತೆ. ಊರೆಲ್ಲ ಬಾಯಿಗೆ ಸೆರಗಿಟ್ಟುಕೊಂಡು ಆಡಿಕೊಂಡಿತ್ತು, ನಾನಿದ್ದಿದ್ರೆ ನಾನೂ ಆಡಿಕೊಳ್ತಿದ್ದೆ. ಸಂಕಮ್ಮ ಆ ಸೊಸೆಗೆ ಹಿಟ್ಟು ಮುಟ್ಟೋಕೂ ಬಿಡ್ತಿರಲಿಲ್ಲವಂತೆ. ಈಗ ಕಿರಿಯವನು ಉಳಿ ಮುಟ್ಟದೆ ಹೆಂಡತಿ ಮುಖ ನೋಡಿದನಂತೆ.

ಚೌಡಿ ಇನ್ನೊಂದು ತಗಡನ್ನ ಮರದ ತುಂಡಿನ ಮೇಲೆ ಮೊಳೆ ಹೊಡೆದು ಕೂರಿಸಿ, ನಕ್ಷತ್ರದ ಗೀಟು ಎಳೆದು, ಅದರ ಮೂಲೆಮೂಲೆಗೂ ಸಣ್ಣ ತೂತು ಕೊರೆದು, ಆಮೇಲೆ ಗೀಟಿನ ಒಳಗೇ ಚಿಕ್ಕ ಉಳಿಯಿಂದ ಮೆಲ್ಲಗೆ ಕತ್ತರಿಸಿ, ಉಳಿದಿದ್ದನ್ನ ಅರದಿಂದ ಉಜ್ಜಿ ಗೀಟಿಗೆ ತಂದಳಂತೆ. ನಕ್ಷತ್ರ ಆಯ್ತು. ಆದರೂ ಬಿಡದೆ ತಗಡು ತಿರುವಿಹಾಕಿ ಇನ್ನೊಂದು ಮಗ್ಗುಲನ್ನೂ ಉಜ್ಜುತ್ತಾ ಕೂತಳಂತೆ. ಆಯ್ತಲ್ಲೇ, ಇನ್ನೂ ಏನು ಉಜ್ಜೋದು ಅಂತ ಸಂಕಮ್ಮ ಸಿಡುಕಿದಳಂತೆ.

"ಒಳಗಡೆ ತರಿತರಿ ಇದೆ ಅತ್ತೆ. ಹಿಟ್ಟು ಹಿಡ್ಕೊಳ್ಳುತ್ತೆ, ನಿಮ್ಮ ತೋಳು ನೋಯುತ್ತೆ."

ಆ ಮನೆಯಲ್ಲಿ ಸಂಕಮ್ಮನ ತೋಳಿನ ಮಾತು ಯಾರೂ ಆಡಿರಲಿಲ್ಲವಂತೆ. ಅವಳು ಬಿಲ್ಲೆ ಕೂರಿಸಿ, ಹಿಟ್ಟು ತುಂಬಿ, ಒರಳನ್ನ ಸೊಸೆ ಕೈಗೇ ಕೊಟ್ಟಳಂತೆ.

"ನೀನೇ ಒತ್ತು. ನನ್ನ ಕೈಲಾಗಲ್ಲ ಕಣೇ."

ಚಕ್ಕುಲಿ ಮುಳ್ಳುಮುಳ್ಳಾಗಿ ಸರಸರ ಇಳೀತಂತೆ, ಅರಮನೆ ಕೆಲಸ ಉಳೀತಂತೆ. ದೊಡ್ಡವರಿಬ್ಬರು ಒಲೆಗೆ ಸೌದೆ ಹಾಕೋಕೆ ಕೂತರಂತೆ. ಸಂಕಮ್ಮ ಹಾಡುಹಗಲೇ ಚಾಪೆ ಹಾಸಿಕೊಂಡು ಮಲಗಿದಳಂತೆ. ಅಕ್ಕಪಕ್ಕದವರು ಇಣುಕಿ, ಓಡಿಬಂದವಳ ಕೈಗೆ ಒರಳು ಕೊಟ್ಟು ಅತ್ತೆ ನಿದ್ದೆ ಹೊಡೀತಾಳೆ ಅಂತ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತಂತೆ. ಆಡಿಕೊಳ್ಳಲಿ ಅಂತ ಮಗ್ಗುಲು ಬದಲಾಯಿಸಿದಳಂತೆ. ಅಷ್ಟೇ ಕಣಪ್ಪ ಕತೆ, ನನಗೂ ಸಾಕಾಯ್ತು, ಕಣ್ಣು ಮುಚ್ಚು.