ನೂಲಪ್ಪನ ಅಂಗಡಿಗೆ ಅಳಿಲಿನ ಬೀಜ

ಹುಣಸೆಗುಡ್ಡದ ಕಾಡಿನ ಆಲದ ಮರದಲ್ಲಿ ನೂಲಪ್ಪ ಎಂಬ ಜೇಡ ಕೂತಿರುತ್ತಿದ್ದ. ಕೂತೇ ಇರುತ್ತಿದ್ದ, ಮಕ್ಕಳೇ; ಕೆಲಸವೆಲ್ಲ ಅವನ ನೂಲಿನದು. ಕಾಡಿನ ಪ್ರತಿ ಬಿಲಕ್ಕೂ, ಪ್ರತಿ ಪೊಟರೆಗೂ ಅವನದೊಂದು ಎಳೆ ಹೋಗಿತ್ತು. ಮನೆಯಲ್ಲಿ ಕಾಳು ಮುಗಿದರೆ ಎಳೆಯನ್ನು ಒಂದು ಸಲ ಜಗ್ಗಬೇಕು, ಹೆಚ್ಚಾದರೆ ಎರಡು ಸಲ. ಯಾರಲ್ಲಿದೆ, ಯಾರಿಗೆ ಬೇಕು ಎಂದು ನೂಲಪ್ಪ ಹೇಳಿದಂತೆ ಇರುವೆಗಳು ಹೊತ್ತು ಮುಟ್ಟಿಸುತ್ತಿದ್ದವು. ಅವನ ಕೂಲಿ ಮನೆಗೆ ದಿನಕ್ಕೊಂದು ಸೊಳ್ಳೆ. ಯಾರಿಗೂ ಹೊರೆಯಲ್ಲ.

ಸೊಳ್ಳೆ ತಿಂದು ತಿಂದು ಅವನ ಹೊಟ್ಟೆ ಬೆಳೆಯಿತು. ಜೊತೆಗೆ ಆಸೆಯೂ ಬೆಳೆಯಿತು.

"ಬರೀ ಸುದ್ದಿ ಹೇಳಿಕೊಂಡು ಎಷ್ಟು ದಿನ ಕೂರಲಿ? ನಾನೇ ಅಂಗಡಿ ಇಡ್ತೀನಿ. ಯಾರೂ ಬರೋದು ಬೇಡ, ಎಳೆ ಜಗ್ಗಿದರೆ ಮಾಲು ಮನೆ ಬಾಗಿಲಿಗೆ," ಎಂದ. ಬಂಡವಾಳಕ್ಕೆ ಒಂದು ಬೊಗಸೆ ಬೀಜ ಹಾಕಿದವರಿಗೆ ಆಷಾಢದಲ್ಲಿ ಎರಡು ಬೊಗಸೆ ಕೊಡುವುದಾಗಿ ಸಾರಿಸಿದ.

ಸಾರಿದ್ದು ಗೊರವಂಕ ಹಕ್ಕಿ. ಸಾರಿದ್ದಕ್ಕೆ ದಿನಾ ನಾಲ್ಕು ಹುಳ ಸಿಗುತ್ತಿದ್ದುದರಿಂದ ಅದರ ದನಿ ಬಹಳ ಇಂಪಾಗಿತ್ತು.

ಅದೇ ಮರದಲ್ಲಿ ಚುರುಕಮ್ಮ ಎಂಬ ಅಳಿಲು ತನ್ನ ಮೂರು ಮರಿಗಳೊಂದಿಗೆ ಇದ್ದಳು. ಮಳೆಗಾಲಕ್ಕೆಂದು ಹಲಸಿನ ಬೀಜಗಳನ್ನು ಇಪ್ಪತ್ತು ಕಡೆ ಹೂತಿಟ್ಟಿದ್ದಳು. ಅವಳ ಕುಲದ ಪದ್ಧತಿಯೇ ಅದು. ಒಂದು ಕಡೆ ಕಾಡುಹಂದಿ ಅಗೆದು ತಿಂದರೂ ಉಳಿದ ಕಡೆ ಬೀಜ ಇರುತ್ತದೆ.

"ಇನ್ನೂ ಮಣ್ಣಲ್ಲಿ ಹೂತಿಡ್ತೀಯಾ ಚುರುಕಮ್ಮ?" ಗೊರವಂಕ ನಕ್ಕಿತು. "ನೂಲಪ್ಪನ ಎಳೆ ಇಲ್ಲದ ಬಿಲ ಒಂದು ತೋರಿಸು ನೋಡೋಣ. ಅಂಥವನು ಸೋಲ್ತಾನಾ?"

ಚುರುಕಮ್ಮ ನೂಲಪ್ಪನನ್ನೇ ಕೇಳಿದಳು. "ಅಣ್ಣಾ, ಮೊದಲು ಅಂಗಡಿ ಇಟ್ಟಿದ್ದೀಯಾ?"

"ಅಂಗಡಿ ಅಂದರೇನಮ್ಮ? ಬಂದ ಮಾಲು ಹೋಗೋದು. ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ ತಾನೇ?"

ಊರವರೆಲ್ಲರ ಅಡುಗೆಯ ವಾಸನೆ ಕುಡಿದವನು ತಾನೇ ಬಾಣಸಿಗ ಅಂದ ಹಾಗಿತ್ತು ಆ ಮಾತು. ಆದರೂ ಕಾಡಿಗೆಲ್ಲ ಎಳೆ ಬಿಟ್ಟವನು ಸೋಲಲಾರ ಎಂದು ನಂಬಿ ಅವಳು ಇಪ್ಪತ್ತು ಗುಂಡಿಗಳನ್ನೂ ತೋಡಿ, ಒಂದು ಬೀಜವನ್ನೂ ಉಳಿಸದೆ ತಂದು ಅವನ ಮುಂದೆ ಸುರಿದಳು.

ಕಾಡಿನಲ್ಲಿ ಜೋಳದ ವ್ಯಾಪಾರ ಮಾಡುತ್ತಿದ್ದವನು ಹೆಗ್ಗಣ ಹಲ್ಲಣ್ಣ. ಒಂದು ಬೊಗಸೆ ಜೋಳಕ್ಕೆ ಎರಡು ನೇರಳೆ ಹಣ್ಣು ಅವನ ಬೆಲೆ. ಒಂದು ಬೆಳಿಗ್ಗೆ ಅವನು ಜೋಳ ಹೆಚ್ಚಾಗಿದೆ ಎಂದು ಎರಡು ಸಲ ಎಳೆ ಜಗ್ಗಿದ. ಆ ಸುದ್ದಿಯನ್ನು ನೂಲಪ್ಪ ಇರುವೆಗಳಿಗೆ ಮುಟ್ಟಿಸಲೇ ಇಲ್ಲ. ನೂಲಪ್ಪ ಅಳಿಲಿನ ಬೀಜ ಕೊಟ್ಟು ಆಚೆ ಹೊಲದ ಇಲಿಗಳಿಂದ ರಾಶಿ ಜೋಳ ತರಿಸಿ, ಬೊಗಸೆಗೆ ಒಂದೇ ಹಣ್ಣಿನಂತೆ ಮಾರತೊಡಗಿದ. ಹಲ್ಲಣ್ಣನ ಬಿಲದ ಕಡೆ ಯಾರೂ ತಲೆ ಹಾಕಲಿಲ್ಲ.

"ಕಳ್ಳನ ಕೈಗೆ ಬೀಗದಕೈ ಕೊಟ್ಟಿದ್ದು ನಾನೇ," ಎಂದು ಹಲ್ಲಣ್ಣ ಎಳೆಯನ್ನು ಕಚಕ್ಕನೆ ಕಡಿದುಹಾಕಿದ.

"ಇವತ್ತು ಜೋಳ, ನಾಳೆ ನನ್ನ ನೆಲ್ಲಿಕಾಯಿ," ಎಂದು ಮೊಲ ತನ್ನ ಎಳೆ ಕಡಿಯಿತು. ವಾರದೊಳಗೆ ಉಳಿದವರೂ ಕಡಿದರು. "ನಾವು ಊರಿಗೆಲ್ಲ ಹೊರುತ್ತಿದ್ದೆವು, ನಿನ್ನೊಬ್ಬನಿಗೆ ಹೊರುವುದಿಲ್ಲ," ಎಂದು ಇರುವೆಗಳು ಹೊರಟುಹೋದವು.

ಈಗ ಯಾರಿಗೆ ಏನು ಬೇಕೆಂದು ನೂಲಪ್ಪನಿಗೆ ತಿಳಿಯದು. ತಿಳಿದರೂ ಹೊರುವವರಿಲ್ಲ. ಮಳೆ ಬಂತು. ಜೋಳದ ರಾಶಿ ನೆನೆದು ಮೊಳೆತು ಕೊಳೆಯಿತು.

ಚುರುಕಮ್ಮ ಓಡಿ ಬಂದಳು. "ಅಣ್ಣಾ, ಎರಡು ಬೊಗಸೆ ಬೇಡ. ನಾನು ಕೊಟ್ಟಷ್ಟೇ ಕೊಡು. ಮರಿಗಳು ಉಪವಾಸ."

"ಅವಸರ ಮಾಡಬಾರದಮ್ಮ," ಎಂದ ನೂಲಪ್ಪ, ಕೊಳೆತ ರಾಶಿಯ ಮೇಲೆ ಕೂತು. "ಅಂಗಡಿ ಈಗ ಬೆಳೀತಾ ಇದೆ."

ಅಲ್ಲಿ ಬೆಳೆಯುತ್ತಿದ್ದದ್ದು ಬೂಷ್ಟು ಮಾತ್ರ. ಗೊರವಂಕ ಆಗಲೇ ಮರಕುಟಿಗನ ಹೊಸ ಅಂಗಡಿಯನ್ನು ಹೊಗಳುತ್ತಿತ್ತು.

ಬೇರೆ ದಾರಿ ಕಾಣದೆ ಚುರುಕಮ್ಮ ಹಲ್ಲಣ್ಣನ ಬಿಲದ ಮುಂದೆ ನಿಂತಳು. ನಾಚಿಕೆಯಿಂದ ಅವಳ ತಲೆ ಮೇಲೇಳಲಿಲ್ಲ. "ಒಂದು ಬೊಗಸೆ ಜೋಳ ಕೊಡಣ್ಣ."

ಹಲ್ಲಣ್ಣ ಬಿಲದಿಂದ ತಲೆ ಹೊರಗೆ ಹಾಕಿದ.

"ನನ್ನ ವ್ಯಾಪಾರ ಮುಳುಗಿಸಿದ ಜೋಳ ಯಾರ ಬೀಜದಿಂದ ಬಂತು, ಗೊತ್ತೇನಮ್ಮ?"



ಹಲ್ಲಣ್ಣ ಒಳಗೆ ಹೋಗಿ ಮೂರು ಸಣ್ಣ ಹಿಡಿ ಜೋಳ ತಂದು ಅವಳ ಮುಂದಿಟ್ಟ. "ಇದು ಮರಿಗಳಿಗೆ," ಎಂದ. "ನಿನಗಲ್ಲ."

ನೀತಿ: ಎಲ್ಲರ ಗುಟ್ಟು ಬಲ್ಲವನು ಅಂಗಡಿ ತೆರೆದ ದಿನವೇ ಗುಟ್ಟು ಹೇಳುವವರು ಬಾಯಿ ಮುಚ್ಚುತ್ತಾರೆ, ಅವನ ದೊಡ್ಡಸ್ತಿಕೆ ನಂಬಿ ಮಕ್ಕಳ ತುತ್ತನ್ನು ಅಲ್ಲಿ ಸುರಿಯಬಾರದು.