ಅಗಸನ ದುಪ್ಪಟಿಯ ಕರಿಚುಕ್ಕೆ

"ಕೇಳಿರಪ್ಪೋ ಕೇಳಿ! ವಾಂತಿಭೇದಿಯ ಮೂಲ ಹುಡುಕಿರುವ ವಿದ್ಯಾರ್ಥಿಗಳು ಆಸ್ಥಾನಕ್ಕೆ ಬರಲಿ. ರಾಜಕುಮಾರಿಯ ಮೂರು ಒಗಟು ಬಿಡಿಸಿದವನು ವಿದ್ಯಾಪೀಠದ ಒಡೆಯ, ತಪ್ಪಿದವನಿಗೆ ಶೂಲ!" ಎಂದು ಹೊನ್ನಗಿರಿಯಲ್ಲಿ ಡಂಗುರ ಹೊಡೆಸಿದರು.

ರಾಜಕುಮಾರಿ ಕೆಂಚಲದೇವಿಗೆ ಹೇಸಿಗೆ ಹುಟ್ಟಿಹೋಗಿತ್ತು. ಬೀದಿಯ ನಾತಕ್ಕೆ ಮೂಗಿನ ಮೇಲಿಟ್ಟ ಸೆರಗನ್ನು ತಿಂಗಳಿಂದ ತೆಗೆದಿರಲಿಲ್ಲ. ಅದಕ್ಕಿಂತ ಹೇಸಿಗೆ ವಿದ್ಯಾಪೀಠದವರ ಮೇಲೆ. ಜನ ಸಾಯುತ್ತಿದ್ದರೆ ಈ ಮಹಾನುಭಾವರು ಹೊರೆಗಟ್ಟಲೆ ತಾಳೆಗರಿ ಹೊತ್ತು ತರುತ್ತಿದ್ದರು. ಒಂದು ಹೊರೆಯಿಂದಲೂ ಒಂದು ಜೀವ ಉಳಿದಿರಲಿಲ್ಲ.

ಆಸ್ಥಾನ ಸೇರಿದ ಮೇಲೆ, "ಮೊದಲನೆಯ ಒಗಟು," ಎಂದಳು. "ಅದಕ್ಕೆ ಬಾಯಿಲ್ಲ, ಆದರೂ ಅಕ್ಷರ ಬಾರದವನಿಗೂ ಹೇಳುತ್ತದೆ. ಎರಡನೆಯದು, ಅದರಲ್ಲಿ ಏನೂ ಇಲ್ಲ, ಆದರೆ ಅದಿಲ್ಲದಿದ್ದರೆ ಏನೂ ಕಾಣದು. ಮೂರನೆಯದು, ಊರನ್ನು ಸಾಕಿದ್ದೇ ಊರನ್ನು ತಿನ್ನುತ್ತಿದೆ, ಯಾವುದದು? ಅದರ ಉತ್ತರ ನನಗೂ ಗೊತ್ತಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವನು ಬದುಕಿದ."

ರಾಜಗುರುವಿನ ಮಗ ವಾಗೀಶ ಎದ್ದ. "ಶಾಸ್ತ್ರ, ಆಕಾಶ, ಪೂರ್ವಕರ್ಮ!" ಎಂದು ಇನ್ನೂರು ಗರಿ ಬಿಚ್ಚಿ ಓದತೊಡಗಿದ. ಮೂವತ್ತನೆಯ ಗರಿಗೆ ರಾಜರು ಗೊರಕೆ ಹೊಡೆದರು.

"ಥೂ! ಎಳೆದುಕೊಂಡು ಹೋಗಿ," ಎಂದಳು ರಾಜಕುಮಾರಿ.

ಮಂತ್ರಿಯ ಮಗ ಗುಣಪಾಲ ಅಂಕಿಗಳನ್ನೇ ಸುರಿದ. ಯಾವ ಬೀದಿಯಲ್ಲಿ ಎಷ್ಟು ಹೆಣ, ಯಾವ ವಾರ ಎಷ್ಟು, ಹೆಂಗಸರೆಷ್ಟು, ಗಂಡಸರೆಷ್ಟು. ಮುಗಿದಾಗ ಒಂದು ಅಂಕಿಯೂ ಯಾರಿಗೂ ನೆನಪಿರಲಿಲ್ಲ. ಅವನನ್ನೂ ಎಳೆದೊಯ್ದರು.

ಆಮೇಲೆ ಬಂದವನು ಅಗಸರ ಸಿದ್ದಮಲ್ಲ. ವಿದ್ಯಾಪೀಠದಲ್ಲಿ ಹಿಂದಿನ ಸಾಲಿನವನು. ಮೈಯೆಲ್ಲ ಬಟ್ಟೆ ಒಗೆಯುವ ಸವಳುಮಣ್ಣಿನ ವಾಸನೆ.

"ನಿನ್ನ ಗರಿ ಎಲ್ಲಿ?"

"ಗರಿ ಇಲ್ಲ ತಾಯಿ, ದುಪ್ಪಟಿ ತಂದಿದೀನಿ," ಎಂದು ನೆಲದ ಮೇಲೆ ಹಾಸಿದ. ಊರಿನ ಬೀದಿ, ಬಾವಿಗಳನ್ನು ಬಟ್ಟೆಗೆ ಗುರುತು ಹಾಕುವ ಗೇರುಮಸಿಯಲ್ಲಿ ಬರೆದಿದ್ದ. "ಮನೆಮನೆ ಬಟ್ಟೆಗೂ ನಮ್ಮ ಗುರುತು ಇರ್ತದಲ್ಲ. ಹೊಲಸಾದ ಹಾಸಿಗೆಬಟ್ಟೆ ಬಂದ ಮನೆಗೆಲ್ಲ ಒಂದೊಂದು ಚುಕ್ಕೆ ಇಟ್ಟೆ."

ಬಾಗಿಲ ಕಾವಲಿನ ಮುದುಕ ತನ್ನ ಹೆಸರನ್ನೂ ಓದಲಾರದವನು. ಬಗ್ಗಿ ನೋಡಿ ಕೂಗಿದ, "ಅಯ್ಯಯ್ಯೋ! ಎಲ್ಲಾ ಹುಣಸೆಮರದ ಬಾವಿ ಸುತ್ತಾನೇ!"

"ಬಾಯಿಲ್ಲದೆ ಹೇಳಿದ್ದು ಚಿತ್ರ, ತಾಯಿ. ಊರನ್ನು ತಿನ್ನೋದು ಆ ಬಾವಿ."

"ಎರಡನೆಯದು?"

ಸಿದ್ದಮಲ್ಲ ಅಂಗಳದಲ್ಲಿ ನೆಟ್ಟ ಶೂಲದ ಕಡೆ ಒಮ್ಮೆ ನೋಡಿದ. ದುಪ್ಪಟಿಯ ಮೇಲೆ ಬೆಳ್ಳಗೆ ಉಳಿದ ಜಾಗಕ್ಕೆ ಬೆರಳಿಟ್ಟ. "ಈ ಖಾಲಿ ಜಾಗ. ಇದೂ ತುಂಬಿಬಿಟ್ಟಿದ್ರೆ ಚುಕ್ಕೆ ಕಾಣ್ತಿರಲಿಲ್ಲ. ಇದು ಅರಮನೆ. ನಿಮ್ಮ ಬಾವಿ ಬೇರೆ, ಅದಕ್ಕೇ ಚುಕ್ಕೆ ಇಲ್ಲ. ಮೋರಿ ಮಾತ್ರ..." ಎಂದು ಒಂದೇ ಗೆರೆಯ ಮೇಲೆ ಬೆರಳು ಎಳೆದ. ಗೆರೆ ಅರಮನೆಯ ಹಿತ್ತಿಲಿಂದ ಹೊರಟು ಹುಣಸೆಮರದ ಬಾವಿಗೆ ಇಳಿದಿತ್ತು.

ಕೆಂಚಲದೇವಿ ಆ ಗೆರೆಯನ್ನೇ ಬಗ್ಗಿ ನೋಡಿದಳು. ಇಷ್ಟು ದಿನ ಮೂಗು ಮುಚ್ಚಿಕೊಂಡದ್ದು ತನ್ನದೇ ಮನೆಯ ಹೊಲಸಿಗೆ. ತನ್ನ ಮೇಲೇ ಅಸಹ್ಯವಾಗಿ ಸೆರಗು ಕೆಳಗಿಳಿಸಿದಳು.

"ಮೂರೂ ಬಿಡಿಸಿದೆ," ಎಂದಳು. "ಮೋರಿ ಇವತ್ತೇ ಒಡೆಯಲಿ, ಬಾವಿ ಮುಚ್ಚಲಿ. ವಿದ್ಯಾಪೀಠ ನಿನ್ನದು. ಇನ್ನೇನು ಬೇಕು?"

"ಆ ಇಬ್ಬರನ್ನ ಕೊಲ್ಲಬೇಡಿ ತಾಯಿ, ನನಗೆ ಕೊಡಿ. ಊರತುಂಬ ಒಗೆಯೋ ಬಟ್ಟೆ ಬಿದ್ದಿದೆ."

ವಾಗೀಶನೂ ಗುಣಪಾಲನೂ ಹೊಲಸು ಬಟ್ಟೆ ಒಗೆದು, ಗುರುತು ಕಲಿತು, ಆಮೇಲೆ ಬರೆಯಲು ಕೂತರು. ಆ ದುಪ್ಪಟಿಯನ್ನು ರಾಜಕುಮಾರಿ ಸಿಂಹಾಸನದ ಎದುರಿಗೇ ತೂಗಿಸಿದಳು. ಸಿದ್ದಮಲ್ಲನ ಕೈಗೆ ಸಿಕ್ಕಿಯೂ ಒಗೆಯದೆ ಉಳಿದ ಬಟ್ಟೆ ಅದೊಂದೇ.